ಮೀನು ಬಿಟ್ಟ ಮೇಲೆ ಕೆರೆ ಹಸಿರಾಯಿತೇಕೆ?

ಪ್ರಶ್ನೆ: ನಮ್ಮ ಊರ ಕೆರೆಗೆ ಹೋದ ವರ್ಷ ಕಾಟ್ಲಾ ಮರಿ ಬಿಟ್ಟರು. ಮೀನಿದ್ದರೆ ನೀರು ತಿಳಿಯಾಗುತ್ತದೆ ಎಂದುಕೊಂಡಿದ್ದೆವು. ಈಗ ಮೊದಲಿಗಿಂತಲೂ ಹಸಿರಾಗಿದೆ, ಏಕೆ?

ಉತ್ತರ: ಕಾಟ್ಲಾ ಮೇಲುನೀರಿನಲ್ಲಿ ಮೇಯುವ ಮೀನು. ಅದರ ಮುಖ್ಯ ಆಹಾರ ಪಾಚಿಯಲ್ಲ, ಪಾಚಿಯನ್ನು ತಿನ್ನುವ ಪ್ರಾಣಿಪ್ಲವಕ, ಅಂದರೆ ನೀರಲ್ಲಿ ತೇಲಾಡುವ ಪುಟ್ಟ ಪ್ರಾಣಿಗಳು. ಅವುಗಳಲ್ಲಿ ನೀರನ್ನು ಸೋಸಿ ಪಾಚಿಕಣ ತಿನ್ನುವುದರಲ್ಲಿ ನೀರುಚಿಗಟಗಳೆಂಬ ಪುಟ್ಟ ಚಿಪ್ಪುಜೀವಿಗಳದೇ ಮೇಲುಗೈ. ಮೀನು ದೊಡ್ಡ ಚಿಗಟಗಳನ್ನೇ ಮೊದಲು ಖಾಲಿ ಮಾಡುತ್ತದೆ. ಉಳಿಯುವ ರೋಟಿಫರ್ ಎಂಬ ಇನ್ನೂ ಸಣ್ಣ ಪ್ಲವಕಜೀವಿಗಳು ಅಷ್ಟು ಪಾಚಿ ತಿನ್ನಲಾರವು. ಅಮೆರಿಕದ ಕನೆಕ್ಟಿಕಟ್‌ನ ಕ್ರಿಸ್ಟಲ್ ಸರೋವರದಲ್ಲಿ ಇದೇ ಆಯಿತು: 1942ರಲ್ಲಿದ್ದ ಡಾಫ್ನಿಯಾ ಎಂಬ ದೊಡ್ಡ ನೀರುಚಿಗಟ, ಹೆರ್ರಿಂಗ್ ಜಾತಿಯ ಮೀನು ಸೇರಿದ ಮೇಲೆ, 1964ರ ಹೊತ್ತಿಗೆ ಮಾಯವಾಗಿ ಬಾಸ್ಮಿನಾ ಎಂಬ ಪುಟ್ಟ ನೀರುಚಿಗಟ ತುಂಬಿಕೊಂಡಿತ್ತು. ವಿಜ್ಞಾನಿಗಳಾದ ಬ್ರೂಕ್ಸ್ ಮತ್ತು ಡಾಡ್ಸನ್ 1965ರಲ್ಲಿ ಇದನ್ನು ಪ್ರಕಟಿಸಿದರು.

ಆದರೆ ಮೀನನ್ನೇ ದೂರುವ ಮುನ್ನ ನೀರನ್ನು ಪರೀಕ್ಷಿಸಿ. ಬೆಳಕು ಹರಿಯುವ ಹೊತ್ತಿಗೆ ಹೋಗಿ. ಬಿಸಿಲೇರಿದಂತೆ ದೊಡ್ಡ ಜೀವಿಗಳು ಆಳಕ್ಕಿಳಿಯುವುದರಿಂದ ಮಧ್ಯಾಹ್ನದ ಮೇಲುನೀರು ಸುಳ್ಳು ಹೇಳುತ್ತದೆ. ನಾಲ್ಕೈದು ಕಡೆಯಿಂದ ಒಟ್ಟು 50 ಲೀಟರ್ ನೀರೆತ್ತಿ, 60 ಮೈಕ್ರಾನ್ ಕಣ್ಣಿನ ಪ್ಲಾಂಕ್ಟನ್ ಬಲೆಯಲ್ಲಿ ಸೋಸಿ. ಬಲೆಗೆ ಹೊರಗಿನಿಂದ ನೀರೆರಚಿ, ಅಂಟಿದ್ದನ್ನೆಲ್ಲ ಅಳತೆಗೆರೆಯಿರುವ ಗಾಜಿನ ನಳಿಕೆಗೆ ಇಳಿಸಿ, ಚಿಟಿಕೆ ಉಪ್ಪು ಹಾಕಿ 20 ನಿಮಿಷ ಬಿಡಿ. ತಳದಲ್ಲಿ 1ರಿಂದ 2 ಮಿ.ಲೀ. ಕಂದು ಪದರ ಕೂತರೆ ಪ್ರಾಣಿಪ್ಲವಕ ಚೆನ್ನಾಗಿದೆ ಎಂಬುದು ಮೀನುಮರಿ ಸಾಕುವವರ ಲೆಕ್ಕ. ಬಣ್ಣ ಹಸಿರಾಗಿದ್ದರೆ ಅದು ಬಹುತೇಕ ಪಾಚಿ. ಮಳೆಯ ಕೆಂಪು ನೀರಲ್ಲಿ ಮಣ್ಣೂ ಕೂರುತ್ತದೆ, ಆಗಿನ ಅಳತೆಯನ್ನು ನಂಬಬೇಡಿ. ಉಪ್ಪು ಹಾಕುವ ಮೊದಲು ಒಂದು ಹನಿ ತೆಗೆದು 10 ಪಟ್ಟು ಮಸೂರದಲ್ಲಿ ನೋಡಿ: ಕುಪ್ಪಳಿಸುತ್ತ ಮೇಲೇರುವುದು ನೀರುಚಿಗಟ, ಬಾಲದ ಎರಡೂ ಬದಿ ಮೊಟ್ಟೆಚೀಲ ಹೊತ್ತು ಚಿಮ್ಮುವುದು ಸೈಕ್ಲಾಪ್ಸ್ ಎಂಬ ಇನ್ನೊಂದು ಪ್ರಾಣಿಪ್ಲವಕದ ಹೆಣ್ಣು.

ನೀರಿನ ಮೇಲೆ ಹಸಿರು ಬಣ್ಣ ಸುರಿದಂತೆ ಕೆನೆ ಕಟ್ಟಿದ್ದರೆ ಅದು ಮೈಕ್ರೋಸಿಸ್ಟಿಸ್ ಎಂಬ ನೀಲಿಹಸಿರು ಪಾಚಿ ಇರಬಹುದು. ಅದರ ಗುಂಪುಗಳನ್ನು ಚಿಗಟ ನುಂಗಲಾರದು, ಹಲವು ತಳಿಗಳು ವಿಷವನ್ನೂ ಬಿಡುತ್ತವೆ. ದನಕರುಗಳಿಗೆ ಆ ನೀರು ಕುಡಿಸಬೇಡಿ. ಅಂಥ ಕೆರೆಗೆ ಮೊದಲ ಮದ್ದು ಚರಂಡಿ ನೀರನ್ನೂ ಗೊಬ್ಬರದ ಬಸಿನೀರನ್ನೂ ತಡೆಯುವುದೇ. ಅದಿಲ್ಲದೆ ಕಾಟ್ಲಾ ತೆಗೆದರೂ ಪ್ರಯೋಜನ ಕಡಿಮೆ. ಜೊತೆಗೆ ಮುಂದಿನ ಬಿತ್ತನೆಯಲ್ಲಿ ಕಾಟ್ಲಾ ಮರಿ ಕಡಿಮೆ ಮಾಡಿ, ದಡದ ಜಲಸಸ್ಯವನ್ನು ಸ್ವಲ್ಪ ಉಳಿಸಿ. ಚಿಗಟಗಳು ಅಡಗುವುದು ಅಲ್ಲೇ. ಹೊಲದ ಕೀಟನಾಶಕ ಹರಿದು ಬಂದರೆ ಮೀನಿಗಿಂತ ಮೊದಲು ಸಾಯುವವೂ ಅವೇ.

ಪ್ರಶ್ನೆ: ಅಕ್ವೇರಿಯಂ ಅಂಗಡಿಯ ಡಾಫ್ನಿಯಾ ತಂದು ಬಿಡಬಹುದೇ?

ಉತ್ತರ: ಬೇಡ. ಬಿಟ್ಟರೆ ಮೀನಿನ ಬಾಯಿಗೇ ಹೋಗುತ್ತವೆ. ನಿಮ್ಮ ಕೆರೆಯ ಚಿಗಟಗಳ ಗಟ್ಟಿ ಮೊಟ್ಟೆಗಳು ಹೂಳಿನ ಮೇಲ್ಪದರದಲ್ಲಿ ವರ್ಷಗಟ್ಟಲೆ ಉಳಿದು, ಬೇಸಿಗೆಯಲ್ಲಿ ಕೆರೆ ಒಣಗಿದರೂ ಮಳೆ ಬಿದ್ದಾಗ ಒಡೆಯುತ್ತವೆ. ಹೂಳೆತ್ತುವಾಗ ಒಂದು ಭಾಗದ ಮಣ್ಣನ್ನು ಮುಟ್ಟದೆ ಬಿಡಿಸಿ.