ಬರಹಗಾರರಿಗೆ ಸಲಹೆ: ಬಿಲ ತೋಡಿದವರಾರು ಎಂಬಲ್ಲಿಗೇ ನಿಲ್ಲಬೇಡಿ

ಪ್ರಿಯ ಲೇಖಕರೇ,

ನೆಲಜೀವಿಗಳ ಬಿಲ, ಹೆಜ್ಜೆ, ಬೇರಿನ ಗುರುತುಗಳಿಂದ ಪ್ರಾಚೀನ ಪದರಶಿಲೆಗಳನ್ನು ಅರ್ಥೈಸುವ ಬಗೆ ಕುರಿತ ನಿಮ್ಮ ಲೇಖನ ಕೈಸೇರಿತು. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು.

ಭೂಮಿಯ ಹುಟ್ಟಿನಿಂದ ಶುರುವಾಗುವ ಮೊದಲ ಮೂರು ಪ್ಯಾರಾಗಳನ್ನು ಮುಲಾಜಿಲ್ಲದೆ ಕಿತ್ತುಹಾಕಿ. ನನ್ನ ಮುಖ್ಯ ತಕರಾರು ಬೇರೆ. ಪ್ರತಿ ಗುರುತಿನ ಮುಂದೆಯೂ ನಿಂತು, ಇದನ್ನು ಮಾಡಿದ ಪ್ರಾಣಿ ಯಾವುದು ಎಂದು ಕೇಳಿ, ಒಂದು ಹೆಸರು ಹೇಳಿ ಮುಂದೆ ಹೋಗುತ್ತೀರಿ. ಎಷ್ಟೋ ಸಲ ಅದಕ್ಕೆ ಖಚಿತ ಉತ್ತರವೇ ಇರುವುದಿಲ್ಲ; ಒಂದೇ ಆಕಾರದ ಬಿಲವನ್ನು ಬೇರೆ ಬೇರೆ ಜೀವಿಗಳು ತೋಡಬಲ್ಲವು. ಮೂಳೆಯನ್ನಾದರೆ ಹೊಳೆ ಎಲ್ಲಿಗೋ ಹೊತ್ತೊಯ್ದಿರಬಹುದು. ಬಿಲ ತೋಡಿದಲ್ಲೇ ಇರುತ್ತದೆ. ಆ ನೆಲ ಆಗ ಹೇಗಿತ್ತು ಎಂದು ಕೇಳಲು ಅದಕ್ಕಿಂತ ನಂಬಿಕಸ್ಥ ಸಾಕ್ಷಿ ಸಿಗುವುದು ಕಷ್ಟ.

ನೀವು ಒಂದೇ ಸಾಲಿನಲ್ಲಿ ಮುಗಿಸಿದ ಸ್ಕೊಯೇನಿಯಾ ಎಂಬ ಬಿಲದ ಗುರುತನ್ನೇ ತೆಗೆದುಕೊಳ್ಳಿ. ಸಪೂರವಾದ ಬಿಲ. ಜೀವಿ ಮುಂದೆ ಸಾಗುತ್ತಾ ಹಿಂದಕ್ಕೆ ತಳ್ಳಿದ ಮಣ್ಣು ಒಳಗೆ ಒಂದರ ಹಿಂದೊಂದು ಬಾಗಿದ ಕಮಾನುಗಳಾಗಿ ನಿಂತಿದೆ. ಹೊರಮೈಯಲ್ಲಿ ಸಣ್ಣ ಗೀರುಗಳಿವೆ. ನೀರುನೀರಾದ ಕೆಸರಿನಲ್ಲಿ ಗೀರು ಉಳಿಯುವುದಿಲ್ಲ, ಮಣ್ಣು ಬಿಗಿಯಾಗಿರಬೇಕು. ಒಂದೇ ಪದರದಲ್ಲಿ ಗೀರಿಲ್ಲದ ಬಿಲಗಳನ್ನು ಗೀರುಳ್ಳ ಬಿಲಗಳು ಕತ್ತರಿಸಿ ಹಾಯ್ದಿದ್ದರೆ, ನೀರು ನಿಂತಿದ್ದ ಕೆರೆಯಂಚೋ ನೆರೆಬಯಲೋ ಆಮೇಲೆ ಒಣಗತೊಡಗಿತ್ತೆಂದು ತಿಳಿಯಬಹುದು. ಅವೆರಡನ್ನೂ ಸೀಳಿಕೊಂಡು ಬೇರಿನ ಗುರುತು ಇಳಿದಿದ್ದರೆ, ಗಿಡ ಬೇರೂರುವಷ್ಟು ಕಾಲ ಅಲ್ಲಿ ಹೊಸ ಹೂಳು ಹೆಚ್ಚು ಬಿದ್ದಿಲ್ಲ. (ನಿಮ್ಮ ಎರಡನೆಯ ಚಿತ್ರದಲ್ಲಿರುವುದು ಬಿಲವಲ್ಲ, ಬೇರು ಎಂದು ನನ್ನ ಅನುಮಾನ. ಬೇರು ಕೆಳಗಿಳಿದಂತೆ ಕವಲೊಡೆದು ಸಣ್ಣಗಾಗುತ್ತದೆ. ಬಿಲದ ಅಗಲ ಹೆಚ್ಚುಕಡಿಮೆ ಒಂದೇ ಇರುತ್ತದೆ.)

ಲಂಬವಾದ ಬಿಲ ಕಂಡರೆ ಕಡಲತೀರ ಎಂದಿದ್ದೀರಿ. ತಪ್ಪು. ಸ್ಕೊಲಿಥೋಸ್ ಎಂಬ ನೆಟ್ಟಗಿನ ಕೊಳವೆಯಂಥ ಬಿಲ ನದಿಯ ಮರಳಿನಲ್ಲೂ ಸಿಗುತ್ತದೆ.

ಅಮೆರಿಕದ ನೆಬ್ರಾಸ್ಕಾದ ಸುರುಳಿಬಿಲ ಡೈಮೊನೆಲಿಕ್ಸ್ ಕುರಿತ ಭಾಗ ಸೊಗಸಾಗಿದೆ. 1890ರ ದಶಕದಲ್ಲಿ ಭೂವಿಜ್ಞಾನಿ ಬಾರ್ಬರ್ ಅದನ್ನು ದೈತ್ಯ ಸ್ಪಂಜು ಎಂದು ಭಾವಿಸಿದ ಪ್ರಸಂಗ ಹಾಗೇ ಇರಲಿ. ಆದರೆ ಒಳಗೆ ಬೀವರ್ ಜಾತಿಯ ಪೇಲಿಯೋಕ್ಯಾಸ್ಟರ್‌ನ ಅಸ್ಥಿಪಂಜರ ಸಿಕ್ಕಿತು ಎಂಬಲ್ಲಿಗೆ ಕೈಚೆಲ್ಲಿದ್ದೀರಿ. ಎರಡು ಮೀಟರಿಗೂ ಆಳಕ್ಕೆ ಇಳಿದ ಬಿಲದಲ್ಲಿ ಪ್ರಾಣಿ ವಾಸವಿತ್ತೆಂದರೆ ಅಂತರ್ಜಲ ಅದಕ್ಕಿಂತ ಕೆಳಗಿರಲೇಬೇಕು. ಸೀಗಡಿಯ ಬಳಗದ, ಸಿಹಿನೀರಿನ ಕ್ರೇಫಿಶ್‌ನದು ಇದಕ್ಕೆ ತದ್ವಿರುದ್ಧ: ಅದು ನೀರು ಸಿಗುವ ತನಕ ತೋಡುತ್ತದೆ, ಹಾಗಾಗಿ ಅದರ ಬಿಲದ ತಳ ಅಂದಿನ ಅಂತರ್ಜಲ ಮಟ್ಟವನ್ನೇ ಸೂಚಿಸುತ್ತದೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಬರೆಯಿರಿ.

ಹತ್ತು ಶಿಲಾಸ್ತರಗಳ ಬದಲು ಒಂದನ್ನೇ ಆರಿಸಿಕೊಂಡು, ಯಾವ ಗುರುತು ಯಾವುದನ್ನು ಕತ್ತರಿಸಿದೆ ಎಂಬ ಕ್ರಮದಲ್ಲಿ ಮತ್ತೆ ಬರೆದು ಕಳುಹಿಸಿ. ಚಿತ್ರಗಳಲ್ಲಿ ಅಳತೆಪಟ್ಟಿ ಇರಲಿ, ಪದರದ ಮೇಲ್ಭಾಗ ಯಾವ ಕಡೆಗೆಂದು ಬಾಣದ ಗುರುತನ್ನೂ ಹಾಕಿ.

ಸಂಪಾದಕ