ಪ್ರಾರ್ಥನೆಯಲ್ಲಿ ಸುಳ್ಳು ಹೇಳಬೇಡ, ತಂಗಿ

ಪ್ರೀತಿಯ ತಂಗಿ,

ನಿನ್ನ ಪತ್ರ ಬಂದಾಗ ನಾನು ರಜೆಗೆಂದು ಕಾರವಾರಕ್ಕೆ ಬಂದಿದ್ದೆ. ಬಿಣಗಾದಲ್ಲಿ ಅಮ್ಮನ ಮನೆಯ ಜಗುಲಿಯಲ್ಲಿ ಕೂತು ಎರಡು ಸಲ ಓದಿದೆ. ಶಿರಸಿಯಿಂದ ಕುವೈತಿಗೆ ಮನೆಕೆಲಸಕ್ಕೆ ಹೋಗಿ ನಾಲ್ಕು ತಿಂಗಳಾಯಿತು, ಪಾಸ್‌ಪೋರ್ಟ್ ಯಜಮಾನರ ಕಪಾಟಿನಲ್ಲಿದೆ, ಎರಡು ತಿಂಗಳ ಸಂಬಳ ಬಾಕಿ, ಒಂದು ದಿನವೂ ರಜೆ ಇಲ್ಲ, ಇಗರ್ಜಿಯ (ಚರ್ಚಿನ) ಬಾಗಿಲು ನೋಡಿಲ್ಲ ಅಂದಿದ್ದೀಯ. ಊರಿನವರೊಬ್ಬರು ಫೋನಿನಲ್ಲಿ, "ಇದು ದೇವರ ಪರೀಕ್ಷೆ, ಬಾಯಿ ಮುಚ್ಚಿಕೊಂಡು ತಾಳಿಕೋ" ಅಂದರಂತೆ. ಪ್ರಾರ್ಥನೆಗೆ ಕೂತರೆ ಅಳು ಮತ್ತು ಸಿಟ್ಟು ಬಿಟ್ಟು ಬೇರೇನೂ ಬರುವುದಿಲ್ಲ, ನನ್ನ ವಿಶ್ವಾಸ ಸತ್ತೇ ಹೋಯಿತಾ ಅಕ್ಕಾ ಅಂತ ಕೇಳಿದ್ದೀಯ.

ಸತ್ತಿಲ್ಲ ತಂಗಿ. ಸಿಟ್ಟು ಬಂದಾಗ ಯಾರ ಮುಂದೆ ಹೋಗಿ ಕೂತೆ? ದೇವರ ಮುಂದೆಯೇ ಅಲ್ವಾ? ವಿಶ್ವಾಸ ಸತ್ತವಳು ಅಲ್ಲಿಗೆ ಹೋಗುವುದೇ ಇಲ್ಲ.

ನಾನು 2009ರಲ್ಲಿ ಕುವೈತಿಗೆ ಹೋದವಳು. ಮೊದಲ ಮನೆಯಲ್ಲಿ ಮಲಗಲು ಕೊಟ್ಟದ್ದು ಅಡುಗೆಮನೆ ಪಕ್ಕದ ಸಾಮಾನು ಕೋಣೆ. ಒಂದು ಕಡೆ ವಾಷಿಂಗ್ ಮಷಿನ್, ಇನ್ನೊಂದು ಕಡೆ ಅಕ್ಕಿ ಚೀಲ, ನಡುವೆ ನನ್ನ ಚಾಪೆ. ಅಮ್ಮ ಕೊಟ್ಟ ಜಪಸರ ಎರಡನೇ ತಿಂಗಳಲ್ಲೇ ಹರಿದು ಮಣಿಗಳೆಲ್ಲ ಮಷಿನ್ ಅಡಿಗೆ ಉರುಳಿದವು. ಆಮೇಲೆ ಬೆರಳು ಮಡಚಿ ಎಣಿಸುತ್ತಿದ್ದೆ. ಹತ್ತು ಬೆರಳು, ಹತ್ತು ನಮೋ ಮರಿಯಾ. ಎಷ್ಟೋ ರಾತ್ರಿ ಆರನೇ ಬೆರಳಿಗೇ ನಿದ್ದೆ.

ಒಂದು ದಿನ ಮೇಡಂ ಉಂಗುರ ಕಾಣೆಯಾಯಿತು. ಏನೂ ಕೇಳದೆ ನನ್ನ ಕೆನ್ನೆಗೆ ಹೊಡೆದರು. ಮೂರನೇ ದಿನ ಉಂಗುರ ಅವರ ಕೋಟಿನ ಜೇಬಿನಲ್ಲೇ ಸಿಕ್ಕಿತು. ಯಾರೂ ಏನೂ ಹೇಳಲಿಲ್ಲ. ಮರುವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಅಪ್ಪ ತೀರಿಕೊಂಡರು. ನನ್ನನ್ನು ಕಳಿಸಲಿಲ್ಲ. ಸಮಾಧಿ ಹೊತ್ತಿಗೆ ತಮ್ಮ ಫೋನ್ ಹಿಡಿದು ನಿಂತಿದ್ದ. ಇಗರ್ಜಿಯ ಗಂಟೆ ಕೇಳಿಸಿತು. ಆಮೇಲೆ ಪೆಟ್ಟಿಗೆಯ ಮೇಲೆ ಹಿಡಿ ಹಿಡಿ ಮಣ್ಣು ಬೀಳುವ ಸದ್ದು. ನಾನು ಸಿಂಕಿನ ಹತ್ತಿರ ನಿಂತು ಅದನ್ನು ಕೇಳಿದೆ. ನಲ್ಲಿ ನಿಲ್ಲಿಸಿದ್ದೆ, ಸರಿಯಾಗಿ ಕೇಳಲಿ ಅಂತ.

ಆ ರಾತ್ರಿ ನಾನು ಪ್ರಾರ್ಥನೆ ಮಾಡಲಿಲ್ಲ, ದೇವರ ಜೊತೆ ಜಗಳ ಮಾಡಿದೆ. ಬೆಳಗಾದ ಮೇಲೆ ಹೆದರಿಕೆಯಾಯಿತು, ಪಾಪ ಮಾಡಿದೆನೇನೋ ಅಂತ. ಎಷ್ಟೋ ತಿಂಗಳ ಮೇಲೆ ಒಬ್ಬ ವಯಸ್ಸಾದ ಫಾದರ್ ಹತ್ತಿರ ಇದನ್ನು ಹೇಳಿದಾಗ, ಮನೆಗೆ ಹೋಗಿ ಬೈಬಲಿನ 88ನೇ ಕೀರ್ತನೆ ಓದು ಅಂದರು. ನೀನೂ ಓದು. ಬೇರೆ ದುಃಖದ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಹಗಲೂ ರಾತ್ರಿ ಕೂಗಿದೆ, ಯಾಕೆ ಮುಖ ಮರೆಮಾಡಿದೆ ಅಂತ ಕೇಳುತ್ತಾ ಕೇಳುತ್ತಾ ಕತ್ತಲಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ಪವಿತ್ರ ಗ್ರಂಥದಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ. ನಿನ್ನ ಅಳುವಿಗೂ ಅಲ್ಲಿ ಜಾಗ ಇದೆ ತಂಗಿ. ದೇವರ ಮುಂದೆ ಚೆನ್ನಾಗಿದ್ದೇನೆ ಅಂತ ಸುಳ್ಳು ಹೇಳಬೇಡ.

ವಿಶ್ವಾಸ ಗಟ್ಟಿ ಇದ್ದರೆ ಎಲ್ಲ ಸರಿ ಹೋಗುತ್ತದೆ ಅನ್ನುವವರ ಮಾತೂ ಬೇಡ. ನಮ್ಮಮ್ಮ ಡಿಸೆಂಬರ್ 3ಕ್ಕೆ ರೈಲು ಹತ್ತಿ ಕರಮಳಿಯಲ್ಲಿ ಇಳಿದು ಹಳೇ ಗೋವಾಕ್ಕೆ ಹೋಗುತ್ತಾರೆ, ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ. ಆ ಸಂತರೂ ಊರು ಬಿಟ್ಟವರೇ. ಚೀನಾಕ್ಕೆ ಹೋಗಬೇಕೆಂದು ಹೊರಟು, 1552ರಲ್ಲಿ ಅದರ ತೀರದ ಒಂದು ದ್ವೀಪದಲ್ಲಿ ಜ್ವರ ಬಂದು ತೀರಿಕೊಂಡರು. ಎದುರಿಗಿದ್ದ ದಡ ಮುಟ್ಟಲಾಗಲಿಲ್ಲ. ಅವರ ವಿಶ್ವಾಸ ಕಡಿಮೆಯಿತ್ತು ಅಂತ ಯಾರಾದರೂ ಹೇಳುತ್ತಾರಾ?

ಇನ್ನು ಬಾಯಿ ಮುಚ್ಚಿಕೊಂಡು ತಾಳುವ ಮಾತು. ಯೋವಾನ್ನನ ಶುಭಸಂದೇಶದ 18ನೇ ಅಧ್ಯಾಯ ತೆಗೆ. ಪ್ರಧಾನ ಯಾಜಕನ ಮುಂದೆ ಒಬ್ಬ ಕಾವಲುಗಾರ ಯೇಸುವಿನ ಕೆನ್ನೆಗೆ ಹೊಡೆಯುತ್ತಾನೆ. ಯೇಸು ತಿರುಗಿ ಹೊಡೆಯಲಿಲ್ಲ, ಆದರೆ ಸುಮ್ಮನೂ ಇರಲಿಲ್ಲ. ನಾನು ಹೇಳಿದ್ದು ತಪ್ಪಾದರೆ ತೋರಿಸು, ಸರಿಯಾದರೆ ಯಾಕೆ ಹೊಡೆದೆ ಅಂತ ಕೇಳಿದರು. ನನ್ನ ಕೆನ್ನೆಗೆ ಏಟು ಬಿದ್ದವಳು ನಾನು, ಈ ಮಾತು ನನ್ನನ್ನು ಎತ್ತಿ ನಿಲ್ಲಿಸಿತು. ಹಾಗಾಗಿ ನೀನೂ ಕೇಳು. ಕುವೈತಿನಲ್ಲಿ ಮನೆಕೆಲಸದವರಿಗಾಗಿ 2015ರ 68ನೇ ನಂಬರಿನ ಕಾನೂನು ಇದೆ. ವಾರಕ್ಕೊಂದು ರಜೆ, ದಿನಕ್ಕೆ 12 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ಪಾಸ್‌ಪೋರ್ಟ್ ಯಜಮಾನರು ಇಟ್ಟುಕೊಳ್ಳುವಂತಿಲ್ಲ. ಮರುವರ್ಷ ಕನಿಷ್ಠ ಸಂಬಳ 60 ದಿನಾರ್ ಅಂತಲೂ ಮಾಡಿದರು. ನಮ್ಮ ಕಾಲಕ್ಕೆ ಇದು ಇರಲಿಲ್ಲ. ದೂರು ಕೊಡಲು ಭಾರತೀಯ ರಾಯಭಾರ ಕಚೇರಿ ಇದೆ. ಊರಿನಿಂದ ನಿನ್ನ ಅಣ್ಣ ಭಾರತ ಸರ್ಕಾರದ 'ಮದದ್' ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಒಂದು ಎಚ್ಚರ: ಯಾರಿಗೂ ಹೇಳದೆ ಮನೆ ಬಿಟ್ಟು ಇನ್ನೆಲ್ಲೋ ಕೆಲಸಕ್ಕೆ ಸೇರಬೇಡ, ಓಡಿಹೋದಳು ಅಂತ ನಿನ್ನ ಮೇಲೇ ಕೇಸು ಹಾಕುತ್ತಾರೆ. ಆದರೆ ಕೈ ಮಾಡಿದರೆ ಕಾಯಬೇಡ, 112ಕ್ಕೆ ಫೋನ್ ಮಾಡು ಅಥವಾ ನೇರ ರಾಯಭಾರ ಕಚೇರಿಗೆ ಹೋಗು.

ನಾನೂ ಹಾಗೇ ದೂರು ಕೊಟ್ಟೆ. ರಾಯಭಾರ ಕಚೇರಿಯ ನಂಬರ್ ಕೊಟ್ಟದ್ದು ಆ ಮೊದಲ ಮನೆಯ ಡ್ರೈವರ್, ಮಲಯಾಳಿ. ಬಾಕಿ ಸಂಬಳ ಬಂತು, ಬೇರೆ ಮನೆ ಸಿಕ್ಕಿತು. 14 ತಿಂಗಳಾದ ಮೇಲೆ ಕುವೈತ್ ಸಿಟಿಯ ಹೋಲಿ ಫ್ಯಾಮಿಲಿ ಇಗರ್ಜಿಗೆ ಮೊದಲ ಸಲ ಹೋದೆ, ಶುಕ್ರವಾರ. ಅಲ್ಲಿ ಶುಕ್ರವಾರದ ಪೂಜೆಯೇ ನಮಗೆ ಭಾನುವಾರದ ಪೂಜೆ. ಕೊಂಕಣಿಯಲ್ಲಿ "ಆಮ್ಚ್ಯಾ ಬಾಪಾ" ಅಂತ ಶುರುವಾದಾಗ ಗಂಟಲು ಕಟ್ಟಿತು. ಆದರೆ ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ಅನ್ನುವ ಸಾಲು ಬಂದಾಗ ಬಾಯಿ ಮುಚ್ಚಿಕೊಂಡೆ. ನನಗೆ ಆಗುತ್ತಿರಲಿಲ್ಲ.

ಎರಡು ವರ್ಷ ಆ ಸಾಲು ಬಿಟ್ಟೇ ಹೇಳಿದೆ. ಆ ಮೊದಲ ಮನೆಯಲ್ಲಿ ಒಬ್ಬ ಪುಟ್ಟ ಹುಡುಗಿ ಇದ್ದಳು. ಜ್ವರ ಬಂದರೆ ನನ್ನ ತೊಡೆಯ ಮೇಲೇ ಮಲಗುತ್ತಿದ್ದಳು. ಮೊದಲು ಅವಳಿಗಾಗಿ ಪ್ರಾರ್ಥಿಸಿದೆ, ಅದು ಸುಲಭವಿತ್ತು. ಆಮೇಲೆ ಅವಳ ಅಜ್ಜಿಗೆ. ತುಂಬಾ ದಿನ ಆದಮೇಲೆ ಅವಳ ಅಮ್ಮನಿಗೆ. ಒಂದು ಶುಕ್ರವಾರ ಆ ಸಾಲು ಬಾಯಿಂದ ತಾನಾಗಿಯೇ ಬಂತು. ಉಂಗುರದ ನೆನಪಾದರೆ ಈಗಲೂ ಕೆನ್ನೆ ಬಿಸಿಯಾಗುತ್ತದೆ. ನೀನು ಅವಸರ ಮಾಡಬೇಡ. ಮನಸ್ಸಿನಲ್ಲಿ ಕ್ಷಮಿಸಿದರೂ ಸಂಬಳ ಬಿಟ್ಟುಕೊಡಬೇಕಾಗಿಲ್ಲ, ಅದು ನಿನ್ನ ಬೆವರು.

ವಾಪಸ್ ಬರಲಾ ಅಂತಲೂ ಕೇಳಿದ್ದೀಯ. ದೂರಿನ ನಂತರವೂ ಸರಿಯಾಗದಿದ್ದರೆ ಬಾ. ಸಾಲ ಇದೆ ಅಂತ ಜೀವ ಸವೆಸಬೇಡ. ಬಂದರೆ ಸೋತಂತೆ ಅಲ್ಲ.

ಇಲ್ಲಿ ಸಂಜೆ ಗಂಟೆ ಹೊಡೆಯಿತು, ಅಮ್ಮ ತೇರ್ಸಿಗೆ (ಜಪಸರದ ಪ್ರಾರ್ಥನೆಗೆ) ಕರೆಯುತ್ತಿದ್ದಾರೆ. ಮುಗಿದ ಮೇಲೆ ಅವರ ಮುಂದೆ ಕೈಜೋಡಿಸಿ ಬೆಸಾಂವ್ (ಆಶೀರ್ವಾದ) ಬೇಡುವುದು ನಮ್ಮ ಮನೆಯಲ್ಲಿ ಇನ್ನೂ ಇದೆ. ಇವತ್ತು ನಿನಗೂ ಸೇರಿಸಿ ಬೇಡುತ್ತೇನೆ. ಸಿವಿಲ್ ಐಡಿ ಮತ್ತು ವೀಸಾದ ಫೋಟೋ ಇವತ್ತು ರಾತ್ರಿಯೇ ಕಳಿಸು. ಮುಂದಿನ ವಾರ ನಾನು ಅಲ್ಲಿರುತ್ತೇನೆ, ರಾಯಭಾರ ಕಚೇರಿಗೆ ಜೊತೆಯಲ್ಲೇ ಹೋಗೋಣ.

ನಿನ್ನ ಅಕ್ಕ