ಬೂಟು ಅಟ್ಟ ಸೇರಿದ್ದು ಯಾಕೆ?

ಓದುಗರ ಪ್ರಶ್ನೆಗಳಿಗೆ ಫುಟ್ಬಾಲ್ ತರಬೇತುದಾರರ ಉತ್ತರ

ಪ್ರಶ್ನೆ: ನನ್ನ ಮಗನಿಗೆ 20 ವರ್ಷ. ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾನೆ. ಐದನೇ ಕ್ಲಾಸಿನಿಂದಲೂ ಫುಟ್ಬಾಲ್ ಅಂದರೆ ಪ್ರಾಣ. ಜಿಲ್ಲಾ ಜೂನಿಯರ್ ತಂಡದಲ್ಲಿ ಎರಡು ವರ್ಷ ಆಡಿದ್ದಾನೆ, ರಾಜ್ಯ ಕ್ಯಾಂಪಿಗೂ ಹೋಗಿ ಬಂದಿದ್ದಾನೆ. ಈಗ ಏಳೆಂಟು ತಿಂಗಳಿಂದ ಗ್ರೌಂಡಿನ ಕಡೆ ತಲೆ ಹಾಕಿಲ್ಲ. ಬೂಟು ಅಟ್ಟ ಸೇರಿದೆ. ಕೇಳಿದರೆ "ಇಂಟ್ರೆಸ್ಟ್ ಇಲ್ಲ ಅಪ್ಪ" ಅನ್ನುತ್ತಾನೆ, ಅಷ್ಟೇ. ಮೊಬೈಲೇ ಕಾರಣ ಅಂತ ನನಗೆ ಅನ್ನಿಸುತ್ತದೆ. ಗಟ್ಟಿಯಾಗಿ ಹೇಳಿ ಮತ್ತೆ ಕಳಿಸಲಾ?
– ಒಬ್ಬ ತಂದೆ, ಮಂಜೇಶ್ವರ

ಉತ್ತರ: ಮೊಬೈಲಿನ ಮಾತು ಬಿಡಿ. ಅದು ಆಡುವವರ ಕೈಯಲ್ಲೂ ಇದೆ, ಬಿಟ್ಟವರ ಕೈಯಲ್ಲೂ ಇದೆ.

"ಇಂಟ್ರೆಸ್ಟ್ ಇಲ್ಲ" ಅನ್ನೋದು ಪಾತ್ರೆಯ ಮುಚ್ಚಳ ಇದ್ದ ಹಾಗೆ. ಒಳಗೆ ಏನಿದೆ ಅಂತ ತೆಗೆದು ನೋಡಬೇಕು. ಇಷ್ಟು ವರ್ಷ ಹುಡುಗರ ಜೊತೆ ಗ್ರೌಂಡಿನಲ್ಲಿ ನಿಂತು ನಾನು ಕಂಡದ್ದು ಹೇಳುತ್ತೇನೆ. ಆಟ ಸಾಕಾಗಿ ಬಿಟ್ಟವರು ಕಮ್ಮಿ. ಕಾದು ಸಾಕಾಗಿ ಬಿಟ್ಟವರೇ ಜಾಸ್ತಿ.

ಶಾಲೆಯಲ್ಲಿದ್ದಾಗ ವರ್ಷವಿಡೀ ಏನಾದರೊಂದು ಇರುತ್ತದೆ. ಸಬ್ ಜಿಲ್ಲೆ, ಜಿಲ್ಲೆ, ರಾಜ್ಯ. ಸಬ್ ಜೂನಿಯರ್ ಮುಗಿದರೆ ಜೂನಿಯರ್. ಪ್ಲಸ್ ಟು ದಾಟಿದ ಕೂಡಲೇ ಆ ಏಣಿಯ ಮೆಟ್ಟಿಲುಗಳು ಮಾಯ. ಕಾಲೇಜಿಗೆ ಬಂದ ಹುಡುಗನಿಗೆ ಏನು ಉಳಿಯುತ್ತದೆ? ಕಾಲೇಜುಗಳ ನಡುವಿನ ಒಂದು ಟೂರ್ನಮೆಂಟು. ಅದೂ ಹೆಚ್ಚಾಗಿ ನಾಕೌಟ್. ಕೆಟ್ಟ ಇಪ್ಪತ್ತು ನಿಮಿಷ ಬಂದರೆ ಆ ವರ್ಷದ ಕಥೆ ಮುಗಿಯಿತು. ಮತ್ತೆ ಮುಂದಿನ ವರ್ಷ. ಅಷ್ಟರವರೆಗೆ ಬೆಳಗ್ಗೆ ಆರು ಗಂಟೆಗೆ ಎದ್ದು ಓಡಬೇಕು. ಯಾವ ಮ್ಯಾಚಿಗೆ? ಗೊತ್ತಿಲ್ಲ.

ಹದಿನೆಂಟರಿಂದ ಇಪ್ಪತ್ತೆರಡರವರೆಗಿನ ಆಟಗಾರನಿಗೆ ಊಟದಷ್ಟೇ ಮುಖ್ಯ ವಾರಕ್ಕೊಂದು ಮ್ಯಾಚು. ಇಂಗ್ಲೆಂಡಿನ ಆಟಗಾರ ಜೇಮಿ ವಾರ್ಡಿಯ ಕಥೆ ಎಲ್ಲಾ ಕೋಚ್‌ಗಳೂ ಹೇಳುತ್ತಾರೆ, ನಾನೂ ಹೇಳಿದ್ದೇನೆ. ಹದಿನಾರಕ್ಕೆ ಕ್ಲಬ್ಬು ಬೇಡ ಅಂದಿತು, ಫ್ಯಾಕ್ಟರಿಯಲ್ಲಿ ದುಡಿದ, 2012ರಲ್ಲಿ ಲೆಸ್ಟರ್ ಕ್ಲಬ್ಬು ಸೇರಿದ, 2016ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ತಂಡದಲ್ಲಿದ್ದ. ಛಲ ಇದ್ದರೆ ಎಲ್ಲಾ ಆಗುತ್ತದೆ ಅಂತ ನೀತಿ ಹೇಳಿ ಮುಗಿಸುತ್ತೇವೆ. ಆದರೆ ವಾರ್ಡಿ ಅಷ್ಟು ವರ್ಷ ಎಲ್ಲಿ ಆಡುತ್ತಿದ್ದ? ಅಲ್ಲಿ ಏಳನೇ, ಎಂಟನೇ ಮಟ್ಟದಲ್ಲೂ ಸೀಸನ್ ಪೂರ್ತಿ ನಡೆಯುವ ಲೀಗ್ ಇದೆ. ಫ್ಯಾಕ್ಟರಿ ಕೆಲಸ ಮುಗಿಸಿ ಬಂದ ಮೇಲೆ ಆಡಲು ಮ್ಯಾಚ್ ಇತ್ತು. ನಿಮ್ಮ ಮಗನಿಗೆ ಛಲ ಇಲ್ಲ ಅನ್ನುವ ಮೊದಲು, ಕಳೆದ ವರ್ಷ ಅವನು ರೆಫರಿ ಇದ್ದ, ಹನ್ನೊಂದು ಜನರ, ತೊಂಬತ್ತು ನಿಮಿಷದ ಮ್ಯಾಚ್ ಎಷ್ಟು ಆಡಿದ ಅಂತ ಎಣಿಸಿ ನೋಡಿ. ಎರಡೂ ಕೈಯ ಬೆರಳು ಬೇಕಾಗಲಿಕ್ಕಿಲ್ಲ.

ನಮ್ಮ ಕಾಸರಗೋಡು ಗಡಿಯ ಹುಡುಗರಿಗೆ ಇದರ ಮೇಲೆ ದೂರದ ಕಷ್ಟ ಬೇರೆ. ಒಮ್ಮೆ ಮೂವರು ಹುಡುಗರನ್ನು ಕರೆದುಕೊಂಡು ಸೆಲೆಕ್ಷನ್‌ಗೆ ಅಂತ ತಿರುವನಂತಪುರಕ್ಕೆ ಹೋಗಿದ್ದೆ. ಸಂಜೆ ಮಾವೇಲಿ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ. ಸೀಟು ಸಿಕ್ಕಿದ್ದು ಒಬ್ಬನಿಗೆ, ಅದನ್ನೇ ಸರದಿಯಲ್ಲಿ ಹಂಚಿಕೊಂಡರು. ಉಳಿದವರು ಬಾಗಿಲ ಹತ್ತಿರ ಬ್ಯಾಗಿನ ಮೇಲೆ ಕೂತರು. ಶಿನ್ ಗಾರ್ಡನ್ನು ಟವೆಲಿನಲ್ಲಿ ಸುತ್ತಿ ತಲೆಗೆ ದಿಂಬು. ಬೆಳಗ್ಗೆ ಇಳಿದು ಸ್ಟೇಷನ್ನಿನಲ್ಲೇ ಮುಖ ತೊಳೆದು, ಎರಡು ಇಡ್ಲಿ ತಿಂದು ಗ್ರೌಂಡಿಗೆ ಹೋದೆವು. ಒಬ್ಬೊಬ್ಬರಿಗೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ಅದರಲ್ಲಿ ಒಬ್ಬನ ಕಾಲಿಗೆ ಚೆಂಡು ಬಂದದ್ದು ನಾಲ್ಕು ಸಲ. ಅವನು ಎಡಬದಿಯ ಆಟಗಾರ, ಹಾಕಿದ್ದು ಬಲಬದಿಗೆ. ಯಾಕೋ ಹೇಳಲಿಲ್ಲ ಅಂತ ಕೇಳಿದೆ. "ಹೇಗೆ ಹೇಳೋದು ಸರ್, ಅಷ್ಟು ಮಲಯಾಳ ಬರೋದಿಲ್ಲ" ಅಂದ. ಪೆರ್ಲ, ಬದಿಯಡ್ಕ ಕಡೆಯ ಕನ್ನಡ ಮೀಡಿಯಂ ಹುಡುಗರಿಗೆ ಕೋಚ್ ಹೇಳಿದ್ದು ಅರ್ಥ ಆಗುತ್ತದೆ. ಆದರೆ ಎದುರು ನಿಂತು ನನ್ನ ಜಾಗ ಇದಲ್ಲ ಅನ್ನುವಷ್ಟು ಮಾತು ಬಾಯಿಗೆ ಬರೋದಿಲ್ಲ. ಆ ಹುಡುಗ ಮರುವರ್ಷ ರೈಲು ಹತ್ತಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಇನ್ನು ಲೆಕ್ಕ. ನಮ್ಮ ಹುಡುಗರು ದಡ್ಡರಲ್ಲ, ಬಿ.ಕಾಂ. ಓದುವವನಿಗಂತೂ ಲೆಕ್ಕ ಗೊತ್ತು. 2024–25ರ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನಲ್ಲಿ 13 ತಂಡ ಇದ್ದವು. ತಂಡಕ್ಕೆ 30 ಜನ ಅಂತ ಹಿಡಿದರೂ 390. ಅದರಲ್ಲಿ ತಂಡಕ್ಕೆ ಆರರಂತೆ ವಿದೇಶಿಯರನ್ನು ಕಳೆಯಿರಿ. ಇಡೀ ದೇಶಕ್ಕೆ ಉಳಿದದ್ದು ಮುನ್ನೂರು ಚಿಲ್ಲರೆ ಜಾಗ. ಅದೂ ಪ್ರತಿ ವರ್ಷ ಖಾಲಿ ಆಗೋದಿಲ್ಲ. 2025ರಲ್ಲಂತೂ ದೇಶದ ಫುಟ್ಬಾಲ್ ಫೆಡರೇಷನ್ (ಎಐಎಫ್‌ಎಫ್) ಮತ್ತು ಲೀಗ್ ನಡೆಸುವವರ ಒಪ್ಪಂದದ ಜಗಳದಲ್ಲಿ ಸೀಸನ್ನೇ ಸಮಯಕ್ಕೆ ಶುರುವಾಗಲಿಲ್ಲ. ಅಷ್ಟು ದೊಡ್ಡ ಆಟಗಾರರೇ ಮನೆಯಲ್ಲಿ ಕೂತದ್ದನ್ನು ನಿಮ್ಮ ಮಗ ಮೊಬೈಲಿನಲ್ಲಿ ನೋಡಿಯೇ ಇರುತ್ತಾನೆ. 2024ರಲ್ಲಿ ಆರು ತಂಡಗಳ ಸೂಪರ್ ಲೀಗ್ ಕೇರಳ ಬಂತು, ಒಳ್ಳೆಯದೇ. ನಮಗೆ ಹತ್ತಿರದ ತಂಡ ಅಂದರೆ ಕಣ್ಣೂರಿನದು.

ನಿಮ್ಮ ಕಾಲದಲ್ಲಿ ಹಾಗಿರಲಿಲ್ಲ ಅಂತ ನಿಮಗೆ ಅನ್ನಿಸಬಹುದು. ನಿಜ, ಇರಲಿಲ್ಲ. ಆಗ ಚೆನ್ನಾಗಿ ಆಡಿದರೆ ಇಲಾಖೆಯ ಕೆಲಸ ಅನ್ನುವ ನಂಬಿಕೆ ಇತ್ತು. ಕೇರಳ ಪೊಲೀಸ್ ತಂಡ 1990 ಮತ್ತು 1991ರಲ್ಲಿ ಫೆಡರೇಷನ್ ಕಪ್ ಗೆದ್ದಾಗ ಅದರಲ್ಲಿದ್ದ ಸತ್ಯನ್, ವಿಜಯನ್, ಪಾಪಚ್ಚನ್ ಎಲ್ಲರೂ ಸಂಬಳದ ಪೊಲೀಸರು. ಸ್ಟೇಟ್ ಬ್ಯಾಂಕ್ ಆಫ್ ತಿರುವಾಂಕೂರಿಗೂ ಒಳ್ಳೆಯ ತಂಡ ಇತ್ತು, 2017ರಲ್ಲಿ ಆ ಬ್ಯಾಂಕೇ ಎಸ್‌ಬಿಐಯಲ್ಲಿ ಸೇರಿಹೋಯಿತು. ಕೇರಳ ಸರಕಾರದ ಸ್ಪೋರ್ಟ್ಸ್ ಕೋಟಾ ಇದೆ. ಆದರೆ ವರ್ಷಕ್ಕೆ 50 ಹುದ್ದೆ, ಎಲ್ಲಾ ಆಟಗಳಿಗೂ ಸೇರಿ. ಹಲವು ವರ್ಷಗಳದ್ದು ಒಟ್ಟಿಗೆ, ತಡವಾಗಿ ಬಂದದ್ದೂ ಇದೆ. ಅಲ್ಲೂ ಕಾಯಬೇಕು. ಅಷ್ಟರಲ್ಲಿ ಪಕ್ಕದ ಮನೆಯವನು ದುಬೈಯಿಂದ ರಜೆಗೆ ಬಂದು ತಂಗಿಯ ಮದುವೆ ಮಾಡಿಸಿ ಹೋಗಿರುತ್ತಾನೆ.

ಒಂದು ಸೂಕ್ಷ್ಮದ ವಿಷಯವೂ ಇದೆ, ಮನೆಯವರಿಗೆ ಇದು ಹೊಳೆಯೋದು ಕಮ್ಮಿ. ಹದಿಮೂರು, ಹದಿನಾಲ್ಕರಲ್ಲಿ ಮಿಂಚುವ ಹುಡುಗರಲ್ಲಿ ಬೇಗ ಬೆಳೆದವರೇ ಜಾಸ್ತಿ ಇರುತ್ತಾರೆ. ವಯಸ್ಸಿನ ಲೆಕ್ಕ ಜನವರಿ ಒಂದರಿಂದ. ಹಾಗಾಗಿ ಜನವರಿಯವನೂ ಡಿಸೆಂಬರಿನವನೂ ಒಂದೇ ತಂಡದಲ್ಲಿ. ನಡುವೆ ಹತ್ತಿರ ಹತ್ತಿರ ಒಂದು ವರ್ಷದ ಅಂತರ. ಆ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ನಾಲ್ಕು ಬೆರಳು ಎತ್ತರ, ಗಟ್ಟಿ ತೊಡೆ. ಪ್ರಪಂಚದಲ್ಲಿ ಎಲ್ಲಾ ಕಡೆ ಆಯ್ಕೆಯಾದವರ ಪಟ್ಟಿ ತೆಗೆದರೆ ವಯಸ್ಸಿನ ಲೆಕ್ಕ ಶುರುವಾಗುವ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಕಾಣುತ್ತಾರೆ. ಹದಿನೆಂಟಾಗುವಾಗ ಉಳಿದವರೂ ಬೆಳೆದು ಸಮಾ ಆಗುತ್ತಾರೆ. ಮೈಬಲದಲ್ಲಿ ಗೆಲ್ಲುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಯಾರೂ ಬೀಳೋದಿಲ್ಲ. ತನ್ನ ಆಟವೇ ಹೋಯಿತು ಅಂದುಕೊಳ್ಳುತ್ತಾನೆ. ಹೋದದ್ದು ಆಟ ಅಲ್ಲ, ಎತ್ತರದ ಲಾಭ ಅಂತ ಅವನಿಗೆ ಹೇಳುವವರೇ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒತ್ತಾಯ ಬೇಡ. ಊರಿನಲ್ಲಿ ಅವನು ಇಷ್ಟು ವರ್ಷ "ಫುಟ್ಬಾಲಿನ ಹುಡುಗ". ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಅಂಗಡಿಯಲ್ಲಿ ಎಲ್ಲರದ್ದೂ ಒಂದೇ ಮಾತು, "ಎಂಥ, ಸೆಲೆಕ್ಷನ್ ಆಯ್ತಾ?" ಅವನು ಗ್ರೌಂಡಿಗೆ ಹೋಗೋದು ಬಿಟ್ಟದ್ದು ಅರ್ಧ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಇರಬಹುದು. ತ್ರಿಕರಿಪುರದ ಮೊಹಮ್ಮದ್ ರಾಫಿ 2016ರ ಐಎಸ್‌ಎಲ್ ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಹೊಡೆದ ಹೆಡರ್ ನಮ್ಮ ಜಿಲ್ಲೆಯ ಹೆಮ್ಮೆ, ಸರಿ. ಆದರೆ ಊಟಕ್ಕೆ ಕೂತಾಗೆಲ್ಲ ರಾಫಿಯ ಉದಾಹರಣೆ ಕೊಟ್ಟರೆ ಹುಡುಗ ತಟ್ಟೆ ಎತ್ತಿಕೊಂಡು ಏಳುತ್ತಾನೆ. "ಕೊನೆಗೆ ಖುಷಿಯಲ್ಲಿ ಆಡಿದ್ದು ಯಾವ ಮ್ಯಾಚು?" ಅಂತ ಕೇಳಿ ನೋಡಿ. ಉತ್ತರ ಬಂದರೆ ಮುಚ್ಚಳ ಸ್ವಲ್ಪ ಸರಿದ ಹಾಗೆ. ಪರೀಕ್ಷೆ ಮುಗಿಯಲಿ. ಸರ್ಟಿಫಿಕೇಟುಗಳನ್ನು ಒಂದು ಫೈಲಿನಲ್ಲಿ ಜೋಪಾನವಾಗಿಡಿ. ಆಟ ಮತ್ತೆ ಬೇಕು ಅನ್ನಿಸಿದರೆ ಜಿಲ್ಲಾ ಲೀಗ್ ಇದೆ, ಕಲಿಸುವ ಮನಸ್ಸಿದ್ದರೆ ಎಐಎಫ್‌ಎಫ್‌ನ ಡಿ ಲೈಸೆನ್ಸ್ ಕೋರ್ಸ್ ಇದೆ, ರೆಫರಿ ಪರೀಕ್ಷೆಯೂ ಇದೆ. ಯಾವುದೂ ಬೇಡ, ಸಂಜೆ ಗೆಳೆಯರ ಜೊತೆ ಟರ್ಫಿನಲ್ಲಿ ಒಂದು ಗಂಟೆ ಸಾಕು ಅಂದರೆ ಅದಕ್ಕೂ ತಲೆಯಾಡಿಸಿ. ಮತ್ತೆ, ಊಟ ನಿದ್ದೆ ಎರಡೂ ಕೆಟ್ಟು ಕೋಣೆಯಿಂದಲೇ ಹೊರಗೆ ಬರೋದಿಲ್ಲ ಅಂತಾದರೆ ಅದು ಫುಟ್ಬಾಲಿನ ಪ್ರಶ್ನೆ ಅಲ್ಲ. ತಡಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ವಯಸ್ಸು 22. ಕಾಲೇಜು ತಂಡದಲ್ಲಿದ್ದೆ. ಸೆವೆನ್ಸ್ (ಏಳು ಜನರ ಫುಟ್ಬಾಲ್) ಆಡುವಾಗ ಮೊಣಕಾಲಿನ ಎಸಿಎಲ್ ಅನ್ನುವ ತಂತು ಹರಿಯಿತು. ಆಪರೇಷನ್ ಆಗಿ ಐದು ತಿಂಗಳು. ನೋವಿಲ್ಲ, ಓಡುತ್ತೇನೆ. ಮುಂದಿನ ತಿಂಗಳು ಒಂದು ಟೂರ್ನಮೆಂಟಿಗೆ ಕರೆಯುತ್ತಿದ್ದಾರೆ. ಮಾವ ಶಾರ್ಜಾದಿಂದ ವೀಸಾ ಕಳಿಸುತ್ತೇನೆ ಅನ್ನುತ್ತಿದ್ದಾರೆ. ಆಡಲಾ, ಹೋಗಲಾ?
– ಉಪ್ಪಳ

ಉತ್ತರ: ತಮ್ಮಾ, ಮುಂದಿನ ತಿಂಗಳು ಆಡಬೇಡ. ಇದರಲ್ಲಿ ಎರಡು ಮಾತಿಲ್ಲ.

ನೋವು ಹೋದದ್ದು ಅಂದರೆ ಗಾಯ ಆರಿದ್ದು ಮಾತ್ರ. ಹೊಸದಾಗಿ ಹಾಕಿದ ತಂತು ಗಟ್ಟಿಯಾಗಲು ತುಂಬಾ ಸಮಯ ಬೇಕು. ಆಪರೇಷನ್ ಆಗಿ ಒಂಬತ್ತು ತಿಂಗಳ ಒಳಗೆ ಆಟಕ್ಕೆ ಇಳಿದವರಿಗೆ ಮತ್ತೆ ಪೆಟ್ಟಾಗುವ ಸಾಧ್ಯತೆ ಬಹಳ ಜಾಸ್ತಿ ಅಂತ ಅಧ್ಯಯನಗಳು ಹೇಳುತ್ತವೆ. ಬರೀ ತಿಂಗಳು ಎಣಿಸಿದರೂ ಸಾಲದು. ಒಂಟಿ ಕಾಲಲ್ಲಿ ಹಾರಿ ನೋಡು. ಒಳ್ಳೆಯ ಕಾಲಲ್ಲಿ ಎಷ್ಟು ದೂರ, ಈ ಕಾಲಲ್ಲಿ ಎಷ್ಟು ದೂರ? ನೂರಕ್ಕೆ ತೊಂಬತ್ತಾದರೂ ಬರಬೇಕು, ತೊಡೆಯ ಬಲವೂ ಅಷ್ಟೇ ಬರಬೇಕು. ಈ ಹಾರುವ ಪರೀಕ್ಷೆಯನ್ನು ಫಿಸಿಯೋ ಎದುರಿಗೇ ಮಾಡು, ಮನೆಯ ಅಂಗಳದಲ್ಲಿ ಬೇಡ.

ಸೆವೆನ್ಸನ್ನು ನಾನು ಬೈಯೋದಿಲ್ಲ. ಕೊಯ್ಲಾದ ಗದ್ದೆ, ಲೈಟು, ಗ್ಯಾಲರಿ, ಮೈಕಿನವನ ಆರ್ಭಟ, ಮಲಬಾರಿನಲ್ಲಿ ಇದು ಹಬ್ಬ. ಮ್ಯಾಚ್ ಮುಗಿದ ಕೂಡಲೇ ಕೈಗೆ ದುಡ್ಡು. ಕಾಲೇಜು ಹುಡುಗನಿಗೆ ಅದು ಸಣ್ಣದಲ್ಲ. ಆದರೆ ಸಣ್ಣ ಗ್ರೌಂಡು, ಗಟ್ಟಿ ನೆಲ, ಸಾಲು ಸಾಲು ರಾತ್ರಿ ಮ್ಯಾಚು. ಕಾಲಿಗೆ ಪೆಟ್ಟಾದ ದಿನ ತಂಡದವರು ಆಟೋದಲ್ಲಿ ಆಸ್ಪತ್ರೆಗೆ ಬಿಟ್ಟು ಬರುತ್ತಾರೆ. ಆಮೇಲಿನ ಬಿಲ್ಲು ಮನೆಯವರದ್ದು. ಅಧಿಕೃತ ಫುಟ್ಬಾಲಿನವರು ಸೆವೆನ್ಸನ್ನು ಲೆಕ್ಕಕ್ಕೇ ಹಿಡಿಯೋದಿಲ್ಲ, ಆದ್ದರಿಂದ ಅಲ್ಲಿ ಆಡಿದ್ದಕ್ಕೆ ಸರ್ಟಿಫಿಕೇಟೂ ಇಲ್ಲ. ನಿನ್ನನ್ನು ಮುಂದಿನ ತಿಂಗಳು ಕರೆಯುತ್ತಿರುವವರನ್ನು ಒಂದು ಮಾತು ಕೇಳು: ಮತ್ತೆ ಹರಿದರೆ ಆಪರೇಷನ್ ಖರ್ಚು ಯಾರದ್ದು? ಆ ಕಡೆಯಿಂದ ಏನೂ ಬರದಿದ್ದರೆ ನಿನ್ನ ಉತ್ತರ ಸಿಕ್ಕಿತು.

ಶಾರ್ಜಾ ವಿಷಯ ನಿನ್ನದು, ಮನೆಯದು. ಕೆಲಸ ಎಂಥದ್ದು ಅಂತ ಮೊದಲು ಮಾವನ ಹತ್ತಿರ ಕೇಳಿಕೋ. ದಿನವಿಡೀ ಮೂಟೆ ಹೊರುವ ಕೆಲಸ ಆದರೆ ಇನ್ನೊಂದು ನಾಲ್ಕು ತಿಂಗಳು ತಡೆ, ಮೊಣಕಾಲು ಗಟ್ಟಿಯಾಗಲಿ. ಕೂತು ಮಾಡುವ ಕೆಲಸ ಆದರೆ ಎಕ್ಸರ್‌ಸೈಜಿನ ಪಟ್ಟಿ ಬರೆಸಿಕೊಂಡು ಹೋಗು. ಅಲ್ಲೂ ನಮ್ಮವರು ಆಡುತ್ತಾರೆ, ಬೂಟು ಬ್ಯಾಗಿನಲ್ಲಿರಲಿ.

ಪ್ರಶ್ನೆ: ನಮ್ಮದು ಸಣ್ಣ ಕ್ಲಬ್ಬು. ಪ್ರತಿ ವರ್ಷ ಸೆವೆನ್ಸ್ ಟೂರ್ನಮೆಂಟ್ ಮಾಡುತ್ತೇವೆ. ಡಿಗ್ರಿಗೆ ಹೋದ ಹುಡುಗರು ಒಬ್ಬೊಬ್ಬರಾಗಿ ಬಿಡುತ್ತಿದ್ದಾರೆ. ಏನು ಮಾಡಬಹುದು?
– ಕುಂಬಳೆ ಹತ್ತಿರದ ಕ್ಲಬ್ಬಿನ ಕಾರ್ಯದರ್ಶಿ

ಉತ್ತರ: ಟೂರ್ನಮೆಂಟಿನ ಖರ್ಚಿನ ಪುಸ್ತಕ ತೆರೆಯಿರಿ. ಗ್ಯಾಲರಿಗೆ, ಲೈಟಿಗೆ, ಹೊರಗಿನಿಂದ ಕರೆಸುವ ಆಟಗಾರರಿಗೆ ಹೋದದ್ದೆಷ್ಟು? ಊರಿನ ಹುಡುಗರು ಆಡಿದ್ದು ಎಷ್ಟು ನಿಮಿಷ? ಸುಮ್ನೆ ಕೇಳಿದೆ, ಬೇಸರ ಬೇಡ.

ಆ ದುಡ್ಡಿನ ಹತ್ತರಲ್ಲಿ ಒಂದು ಪಾಲು ಸಾಕು. ಅಕ್ಕಪಕ್ಕದ ಐದು ಕ್ಲಬ್ಬುಗಳ ಹತ್ತಿರ ಮಾತಾಡಿ. ಆರು ತಂಡ, ಒಬ್ಬರಿಗೊಬ್ಬರು ಎರಡೆರಡು ಸಲ. ಒಂದು ತಂಡಕ್ಕೆ ಹತ್ತು ಮ್ಯಾಚ್ ಆಯಿತು. ಹನ್ನೊಂದು ಜನರ ಆಟ, ಭಾನುವಾರ ಬೆಳಗ್ಗೆ, ಲೈಟು ಬೇಡ. ಹದಿನೆಂಟರಿಂದ ಇಪ್ಪತ್ಮೂರರವರೇ ಎಂಟು ಜನ ಇರಬೇಕು ಅಂತ ನಿಯಮ ಮಾಡಿ. ಮಂಗಳೂರಿನ ಕಾಲೇಜಿಗೆ ಹೋಗುವವರನ್ನು ಬಿಡಬೇಡಿ. ಅವರು ಗಡಿಯ ಆಚೆ ಆಡಿದ್ದು ಈಚೆಯವರ ಕಣ್ಣಿಗೆ ಬೀಳೋದಿಲ್ಲ, ಭಾನುವಾರ ಮಾತ್ರ ಅವರು ನಿಮ್ಮವರು. ಪರೀಕ್ಷೆಯ ತಿಂಗಳು ಬಿಟ್ಟು ಮಳೆ ನಿಂತ ಮೇಲೆ ಶುರು ಮಾಡಿದರೆ ಮಾರ್ಚಿನ ಒಳಗೆ ಮುಗಿಯುತ್ತದೆ. ಸೋತವನಿಗೂ ಮುಂದಿನ ಭಾನುವಾರ ಮ್ಯಾಚ್ ಇರುತ್ತದೆ, ಬೇಕಾದದ್ದು ಅದೇ.

ಫಿಕ್ಸ್ಚರ್ ಬರೆದು ಕಳಿಸಿ. ರೆಫರಿ ಸಿಗದ ವಾರ ವಿಸಿಲ್ ಹಿಡಿದು ನಾನೇ ಬರುತ್ತೇನೆ. ಚಾ ಮಾತ್ರ ನಿಮ್ಮದು.